ಮುಚ್ಚಳ ಮಾತ್ರದ ಜೇಬು

ನಲವತ್ತು ವರ್ಷ ಒಂದೇ ಮಷೀನಿನ ಮುಂದೆ ಕೂತವನ ಬೆನ್ನು ಹೇಗಿರಬೇಕೋ ಅಜ್ಜನ ಬೆನ್ನು ಹಾಗೇ ಇತ್ತು. ಬೀದಿಯವರೆಲ್ಲ ಅವನನ್ನು ಮಾಸ್ಟರ್ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವನ ಕೆಲಸ, ನಡುನಡುವೆ ಯಾರದಾದರೂ ಕೋಟು ಬರುತ್ತಿತ್ತು. ಸಮವಸ್ತ್ರ ಹೊಟ್ಟೆಗೆ, ಕೋಟು ಹೆಮ್ಮೆಗೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೆಮ್ಮೆಯೇನೂ ಸುಳ್ಳಲ್ಲ. ಅವನು ಹೊಲಿದ ಫ್ರಾಕಿನ ನೆರಿಗೆ ಒಗೆದು ಒಗೆದು ಬಣ್ಣ ಹೋದರೂ ತನ್ನ ಗೆರೆ ಬಿಡುತ್ತಿರಲಿಲ್ಲ.

ಮೊಮ್ಮಗಳಿಗೆ ಎಂಟು ವರ್ಷ. ಸಣಕಲು ಮೈ, ಚುಚ್ಚುವ ನಾಲಗೆ. ಅಜ್ಜ ತಮಾಷೆಗೆ ಸೂಜಿ ಎಂದು ಕರೆದ, ಕರೆದದ್ದೇ ಹೆಸರಾಗಿ ಉಳಿಯಿತು. ಅವಳ ಅಪ್ಪ ಲಾರಿ ಡ್ರೈವರ್, ತಿಂಗಳಿಗೆ ಎರಡು ಸಲ ಮನೆಯ ಮುಖ ನೋಡಿದರೆ ಹೆಚ್ಚು. ಅಮ್ಮ, ಅಂದರೆ ಅಜ್ಜನ ಮಗಳು, ಬ್ರೆಡ್ಡಿನ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಹೋಗುವವಳು. ಹಾಗಾಗಿ ಸೂಜಿ ನಡೆಯಲು ಕಲಿತದ್ದೇ ಅಜ್ಜನ ಮೇಜಿನ ಕಾಲು ಹಿಡಿದುಕೊಂಡು, ಬಟ್ಟೆಯ ಚೂರುಗಳ ಮೇಲೆ.

ಅಂಗಡಿಯಲ್ಲಿ ಅವಳಿಗೊಂದು ಕೆಲಸವಿತ್ತು. ಹೊಸ ಕೋಟಿನ ಜೇಬು ಜೋತು ಬೀಳಬಾರದು ಎಂದು ಅದರ ಬಾಯಿಗೆ ನಾಲ್ಕು ಕಚ್ಚಾ ಹೊಲಿಗೆ ಹಾಕಿ ಮುಚ್ಚಿರುತ್ತಾರೆ. ಗಿರಾಕಿಗೆ ಕೊಡುವ ದಿನ ಆ ದಾರ ಬಿಡಿಸಬೇಕು. ಅದು ಸೂಜಿಯ ಹಕ್ಕು, ಬೇರೆ ಯಾರೂ ಮುಟ್ಟುವಂತಿರಲಿಲ್ಲ. "ಎಳೀಬಾರ್ದು ಕಣೇ, ಎಳೆದ್ರೆ ಬಟ್ಟೆ ಅಳುತ್ತೆ. ಒಂದೊಂದೇ ಹೊಲಿಗೆ ಎತ್ತು, ದಾರ ಬೆರಳಿಗೆ ಸುತ್ತಿಕೋ" ಎಂದು ಅಜ್ಜ ಹೇಳಿಕೊಟ್ಟಿದ್ದ. ಅವಳು ತುಟಿ ಕಚ್ಚಿಕೊಂಡು ಹಾಗೇ ಮಾಡುತ್ತಿದ್ದಳು. ಕೊನೆಯ ಹೊಲಿಗೆ ಬಿಟ್ಟ ಕೂಡಲೇ ಮೊಣಕೈವರೆಗೂ ಕೈ ತೂರಿಸಿ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ತಳ ಸಿಕ್ತು ಅಜ್ಜಾ!" ನಲವತ್ತು ವರ್ಷದ ಕಸುಬಿನಲ್ಲಿ ಅಜ್ಜನಿಗೆ ಅಷ್ಟು ಸಂತೋಷ ಕೊಟ್ಟ ಮಾತು ಇನ್ನೊಂದಿರಲಿಲ್ಲ.

ಸೂಜಿಗೆ ಉಬ್ಬಸ. ನಾಲ್ಕನೇ ವಯಸ್ಸಿಗೆ ಶುರುವಾದದ್ದು. ಬಾಯಿಗಿಟ್ಟು ಒತ್ತಿದರೆ ಔಷಧ ಚಿಮ್ಮುವ ಒಂದು ಪಂಪು ಕೊಟ್ಟಿದ್ದ ಡಾಕ್ಟರು, ಅದು ಯಾವಾಗಲೂ ಮಗುವಿನ ಮೈಮೇಲೇ ಇರಬೇಕು, ಮನೆಯಲ್ಲೋ ಚೀಲದಲ್ಲೋ ಅಲ್ಲ ಎಂದು ಮೂರು ಸಲ ಹೇಳಿದ್ದರು. ಮಗಳು ಒಂದು ಪುಟ್ಟ ಚೀಲ ತಂದು ಸೂಜಿಯ ಕುತ್ತಿಗೆಗೆ ಅಡ್ಡ ಹಾಕಿ ಶಾಲೆಗೆ ಕಳಿಸುತ್ತಿದ್ದಳು. ತರಗತಿಯ ಮಕ್ಕಳು ಒಂದೇ ವಾರದಲ್ಲಿ ಹೆಸರಿಟ್ಟರು: ಕಂಡಕ್ಟರ್. "ಕಂಡಕ್ಟರ್, ಒಂದು ಟಿಕೆಟ್ ಕೊಡಿ", "ಕಂಡಕ್ಟರ್, ಚಿಲ್ಲರೆ ಕೊಡಿ". ಮೊದಲ ದಿನ ಸೂಜಿ ಇದನ್ನು ಮನೆಯಲ್ಲಿ ನಗುತ್ತಲೇ ಹೇಳಿದಳು. ಅಜ್ಜನೂ ನಕ್ಕ, "ಸೀಟಿ ಒಂದು ಕಡಿಮೆ" ಎಂದ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಎತ್ತದಿದ್ದ ಮೇಲೆ ಮುಗಿದುಹೋಯಿತು ಎಂದೇ ದೊಡ್ಡವರು ತಿಳಿದರು.

ಆ ವರ್ಷ ಶಾಲೆಯಲ್ಲಿ ಹೊಸ ಹೆಡ್ ಮಿಸ್ ಬಂದರು. ಬಂದವರೇ, ರಜೆ ಮುಗಿದು ಶಾಲೆ ತೆರೆಯುವ ಮೊದಲೇ, ಪ್ರತಿ ಮನೆಗೂ ಒಂದು ಚೀಟಿ ಕಳಿಸಿದರು. ಹುಡುಗರಿಗೆ ಇದು, ಹುಡುಗಿಯರಿಗೆ ಅದು ಎಂಬ ಕಟ್ಟುಪಾಡು ಇನ್ನಿಲ್ಲ. ಫ್ರಾಕೋ ಪ್ಯಾಂಟೋ, ಯಾವುದು ಬೇಕೋ ಅದಕ್ಕೆ ಮಗುವೇ ತನ್ನ ಕೈಯಾರೆ ಗುರುತು ಹಾಕಬೇಕು. ಚೀಟಿಗಳೆಲ್ಲ ಕಟ್ಟಾಗಿ ಕೊನೆಗೆ ಬಂದದ್ದು ಹೊಲಿಯುವ ಅಜ್ಜನ ಮೇಜಿಗೆ. ಕನ್ನಡಕ ಮೂಗಿನ ತುದಿಗಿಳಿಸಿ ಅವನು ಒಂದೊಂದೇ ಎಣಿಸುತ್ತ ಹೋದ. ಏಳೆಂಟು ಹುಡುಗಿಯರು ಪ್ಯಾಂಟು ಕೇಳಿದ್ದರು. ಕಾಲ ಕೆಟ್ಟಿತು ಎಂದುಕೊಂಡು, ಅದು ಪರರ ಮನೆಯ ಮಾತು ಎಂದು ಸಮಾಧಾನ ಮಾಡಿಕೊಂಡ. ಹದಿನಾಲ್ಕನೇ ಚೀಟಿ ಅವನ ಮನೆಯದೇ.

"ಸೂಜಿ, ಇಲ್ಲಿ ಬಾರೇ. ತಪ್ಪು ಕಡೆ ಗೀಟು ಹಾಕಿದ್ದೀಯ ನೋಡು."

"ತಪ್ಪಿಲ್ಲ. ಎರಡು ಸಲ ಓದಿ ಹಾಕಿದ್ದೀನಿ."

"ಪ್ಯಾಂಟಾ? ಯಾಕೆ, ನಾನು ಹೊಲಿಯೋ ಫ್ರಾಕು ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಆದ್ರೆ ಅದಕ್ಕೆ ಜೇಬಿಲ್ಲ."

"ಜೇಬಲ್ಲಿ ಏನಿಡ್ತೀಯ? ಮನೆಪತ್ರ ಇಡ್ತೀಯಾ?"

ಕೋಟಿನ ಅಳತೆ ಕೊಡಲು ತೋಳು ಚಾಚಿ ನಿಂತಿದ್ದ ಗಿರಾಕಿಗೆ ಬಾಯಿ ಸುಮ್ಮನಿರಲಿಲ್ಲ. "ಪ್ಯಾಂಟಿನ ಜೊತೆ ಒಂದು ಮೀಸೇನೂ ಹೊಲಿದುಕೊಡಿ ಮಾಸ್ಟರ್" ಎಂದು ತನ್ನ ಮಾತಿಗೆ ತಾನೇ ಹೊಟ್ಟೆ ಕುಣಿಸಿ ನಕ್ಕ. ಅಜ್ಜನೂ ನಗಬೇಕಾಯಿತು, ಗಿರಾಕಿಯಲ್ಲವೇ. ಸೂಜಿ ಏನೋ ಹೇಳಲು ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಪಂಪು ಎಂಬ ಒಂದು ಪದ ಅವತ್ತು ಅವಳ ಬಾಯಿಂದ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಗುವವರ ಮುಂದೆ ತನ್ನ ಕಾರಣವನ್ನು ಬಿಚ್ಚಿಡುವ ಮಗು ಯಾವುದಿದೆ?

ಸಂಜೆ ಅಜ್ಜ ಮಗಳ ಹತ್ತಿರ ದೂರು ಹೇಳಿದ. ಅವಳು ದಿನವಿಡೀ ನಿಂತು ಊದಿದ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದಳು.

"ಅವಳಿಷ್ಟ ಬಿಡಪ್ಪ. ಶಾಲೆಯವರೇ ಬಿಟ್ಟಿರೋವಾಗ ನಿಂದೇನು?"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ನಾಳೆ ಜನ ಏನಂತಾರೆ? ಹೊಲಿಯೋನ ಮನೇಲೇ ಶುರುವಾಯ್ತು ಅಂತಾರೆ."

"ಅನ್ನೋರು ಬಂದು ಅವಳ ಬಟ್ಟೆ ಒಗೀತಾರಾ?" ಎಂದು ಅವಳು ಕಣ್ಣು ಮುಚ್ಚಿದಳು.

ಅಜ್ಜ ಅಂಗಡಿಗೆ ಹೋಗಿ ಚೀಟಿಗಳ ಕಟ್ಟು ಬಿಚ್ಚಿ ಸೂಜಿಯದನ್ನು ಹೊರತೆಗೆದ. ಪ್ಯಾಂಟಿನ ಮುಂದಿನ ಗೀಟನ್ನು ರಬ್ಬರಿನಿಂದ ಅಳಿಸಿ ಫ್ರಾಕಿನ ಮುಂದೆ ಎಳೆದ. ಎಂಟು ವರ್ಷದ ಮಗು ಎರಡು ಸಲ ಓದಿ ಹಾಕಿದ ಗುರುತು ಅಳಿಸಲು ಎರಡು ಉಜ್ಜು ಸಾಕಾಯಿತು.

ಆದರೂ ಮನಸ್ಸು ಕುಟುಕಿತು. ಮರುದಿನ ಅವಳನ್ನು ಕರೆದು, "ಫ್ರಾಕಿಗೇ ಜೇಬು ಹಾಕ್ತೀನಿ, ಆಯ್ತಾ?" ಎಂದ. ಸೂಜಿ ತಲೆ ವಾಲಿಸಿ ಯೋಚಿಸಿದಳು. ಅವಳಿಗೆ ಬೇಕಾದದ್ದು ಪ್ಯಾಂಟು, ಆದರೆ ಪ್ಯಾಂಟು ಯಾಕೆ ಬೇಕಾಗಿತ್ತೋ ಅದು ಫ್ರಾಕಿನಲ್ಲೇ ಸಿಗುವುದಾದರೆ ಅಜ್ಜನನ್ನು ಯಾಕೆ ನೋಯಿಸಬೇಕು ಎಂದು ಆ ಪುಟ್ಟ ತಲೆಯಲ್ಲಿ ಲೆಕ್ಕಾಚಾರ ನಡೆದಿರಬೇಕು.

"ನಿಜವಾದ ಜೇಬಾ?"

"ಮತ್ತೆ? ಅಜ್ಜ ಸುಳ್ಳು ಹೊಲೀತಾನಾ?"

"ಎಷ್ಟು ಆಳ?"

"ನಿನ್ನ ಕೈ ಮುಳುಗೋವಷ್ಟು."

ಅವಳು ಕೈ ಚಾಚಿದಳು. ಅಜ್ಜ ಟೇಪು ಹಿಡಿದು ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಅಳೆದು, ಐದೂವರೆ ಇಂಚು ಎಂದು ಗಟ್ಟಿಯಾಗಿ ಹೇಳಿ ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಅಂದೇ ಸಂಜೆ ಸೂಜಿ ಕುತ್ತಿಗೆಯ ಚೀಲ ತೆಗೆದು ಅಮ್ಮನ ಕೈಗೆ ಕೊಟ್ಟು, "ಶಾಲೆ ಶುರುವಾದ ಮೇಲೆ ಇದು ಬೇಡಮ್ಮ. ಅಜ್ಜ ಜೇಬು ಹಾಕ್ತಾ ಇದಾನೆ, ಪಂಪು ಅದರಲ್ಲೇ ಇಡ್ತೀನಿ" ಎಂದಳು. ಅಜ್ಜ ಆಗ ಅಂಗಡಿಯಲ್ಲಿದ್ದ, ಮಷೀನಿನ ಸದ್ದಿನಲ್ಲಿ.

ಮೋಸ ಮಾಡಬೇಕೆಂದು ಅವನು ಕೂತದ್ದಲ್ಲ, ಅದನ್ನು ಹೇಳಲೇಬೇಕು. ಐದೂವರೆ ಇಂಚಿನ ಒಳಚೀಲ ಕತ್ತರಿಸಿ, ಫ್ರಾಕಿನ ಎಡಪಕ್ಕಕ್ಕೆ ಗುಂಡುಪಿನ್ನು ಚುಚ್ಚಿ, ಗೋಡೆಗೆ ತೂಗುಹಾಕಿ ದೂರ ನಿಂತು ನೋಡಿದ. ನೆರಿಗೆ ಬಾಯಿಬಿಟ್ಟಿತ್ತು. ಎಡಗಡೆ ಅಂಚು ಅರ್ಧ ಇಂಚು ಜಗ್ಗಿತ್ತು. ಖಾಲಿ ಜೇಬಿಗೇ ಹೀಗಾದರೆ ತುಂಬಿದ ಜೇಬಿಗೆ ಏನು ಗತಿ? ಇಡೀ ಶಾಲೆಯಲ್ಲಿ ಅವನ ಮೊಮ್ಮಗಳ ಫ್ರಾಕೇ ಜೋಲುಮೋರೆ ಹಾಕಿಕೊಂಡು ಹೋಗುವುದೇ? ನಲವತ್ತು ವರ್ಷದ ಕಣ್ಣು ಅದನ್ನು ಸಹಿಸಲಿಲ್ಲ. ಒಳಚೀಲ ಕಿತ್ತು ಪಕ್ಕಕ್ಕಿಟ್ಟ. ಜೇಬಿನ ಮೇಲೆ ಬರುವ ಮುಚ್ಚಳ ಒಂದನ್ನು ಮಾತ್ರ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ, ಅಂದವಾಗಿ ಕೂರಿಸಿದ. ಅದು ಎದ್ದು ಒಳಗಿನ ಬರಿದನ್ನು ತೋರಿಸಬಾರದೆಂದು ಕೆಳಗಿನ ಅಂಚನ್ನು ಕೈಯಲ್ಲೇ ನಾಲ್ಕು ಹೊಲಿಗೆ ಹಾಕಿ ಅಂಟಿಸಿದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವನ ಲೆಕ್ಕ. ಮಕ್ಕಳ ಆಸೆ ಎಷ್ಟು ದಿನದ್ದು? ಎರಡು ದಿನ ಮುಚ್ಚಳ ಸವರಿಕೊಂಡು ಓಡಾಡುತ್ತಾಳೆ, ಮೂರನೇ ದಿನ ಮರೆಯುತ್ತಾಳೆ. ಮೂಗಿಗೆ ತುಪ್ಪ ಸವರುವ ಈ ವಿದ್ಯೆಯನ್ನು ದೊಡ್ಡವರಿಗೆ ಯಾರೂ ಕಲಿಸಬೇಕಾಗಿಲ್ಲ, ಅದು ನೆರೆತ ಕೂದಲಿನ ಜೊತೆಗೇ ಬರುತ್ತದೆ.

ಶಾಲೆ ಶುರುವಾದ ದಿನ ಬೆಳಿಗ್ಗೆ ಮಗಳು ಎಂದಿನಂತೆ ಬೆಳಕು ಹರಿಯುವ ಮೊದಲೇ ಹೋಗಿದ್ದಳು. ಅಜ್ಜ ಫ್ರಾಕಿಗೆ ಕೊನೆಯ ಇಸ್ತ್ರಿ ಹಾಕಿ ಸೂಜಿಗೆ ತೊಡಿಸಿದ. ಅವಳ ಕೈ ನೇರ ಮುಚ್ಚಳಕ್ಕೆ ಹೋಯಿತು.

"ಅಜ್ಜ, ಇದು ತೆರೀತಾ ಇಲ್ಲ."

ಅಜ್ಜ ಬಗ್ಗಿ ಫ್ರಾಕಿನ ಅಂಚು ಸರಿಮಾಡಿದ. ಸುಳ್ಳು ನಾಲಗೆಯ ತುದಿಯಲ್ಲೇ ಸಿದ್ಧವಾಗಿತ್ತು. "ಹೊಸದಲ್ವಾ? ಕೋಟಿಂದು ಇರುತ್ತಲ್ಲ, ಹಾಗೇ."

ಸೂಜಿಯ ಮುಖ ಅರಳಿತು. "ಓ, ಕಚ್ಚಾ ಹೊಲಿಗೆನಾ? ಈಗಲೇ ಬಿಡಿಸ್ಲಾ?"

"ಈಗ ಬೇಡ ಕಣೇ, ಬಸ್ಸಿಗೆ ಹೊತ್ತಾಯ್ತು. ಸಂಜೆ ನೋಡೋಣ."

ಕೈಯಲ್ಲಿದ್ದ ಪಂಪನ್ನು ಅವಳು ಒಂದು ಗಳಿಗೆ ನೋಡಿ, ಪುಸ್ತಕದ ಚೀಲಕ್ಕೆ ಹಾಕಿಕೊಂಡಳು. ಅಜ್ಜ ಅದನ್ನು ಕಂಡ. ಕಂಡದ್ದು ತಲೆಗೆ ಹತ್ತಲಿಲ್ಲ, ಬಸ್ಸಿನ ಹಾರ್ನು ಕೇಳಿಸುತ್ತಿತ್ತು.

ಹನ್ನೊಂದೂವರೆಗೆ ಫೋನು ಬಂತು. ಬಿಡುವಿನ ಹೊತ್ತಿನಲ್ಲಿ ಮೈದಾನದಲ್ಲಿ ಓಡುತ್ತಿದ್ದಾಗ ಮಗುವಿಗೆ ಉಸಿರು ಕಟ್ಟಿತಂತೆ. ಪಂಪು ಮೇಲಿನ ಮಹಡಿಯ ತರಗತಿಯಲ್ಲಿ, ತರಗತಿಗೆ ಬೀಗ, ಬೀಗದ ಕೈ ಇದ್ದ ಟೀಚರ್ ಇನ್ನೆಲ್ಲೋ. ಪಂಪು ಸಿಗುವ ಹೊತ್ತಿಗೆ ಮಗುವಿನ ತುಟಿ ನೀಲಿಯಾಗಿತ್ತು. ಅಜ್ಜ ಟೇಪನ್ನು ಕೊರಳಿಂದ ತೆಗೆಯುವುದನ್ನೂ ಮರೆತು ಆಸ್ಪತ್ರೆಗೆ ಓಡಿದ.

ಮಗಳು ಅವನಿಗಿಂತ ಮೊದಲೇ ಬಂದಿದ್ದಳು. ಮೊಣಕೈವರೆಗೆ ಮೈದಾಹಿಟ್ಟು ಒಣಗಿ ಬಿರಿದಿತ್ತು. ಗಾಜಿನ ಆಚೆ ಸೂಜಿ ಮಲಗಿದ್ದಳು, ಮುಖಕ್ಕಿಂತ ದೊಡ್ಡ ಆಮ್ಲಜನಕದ ಮುಸುಕು ಬಾಯಿಗೆ. ಪ್ರತಿ ಉಸಿರಿಗೂ ಕತ್ತಿನ ಗುಳಿ ಒಳಗೆ ಹೋಗುತ್ತಿತ್ತು.

"ಜೇಬಲ್ಲಿಟ್ಟುಕೋತೀನಿ ಅಂದಿದ್ಲು" ಎಂದಳು ಮಗಳು, ಯಾರಿಗೆಂದೂ ಇಲ್ಲದೆ. "ಅದಕ್ಕೇ ಜೇಬು ಕೇಳಿದ್ದು ಅವಳು. ಕುತ್ತಿಗೆ ಚೀಲ ನೋಡಿ ಎಲ್ರೂ ಆಡ್ಕೋತಾರೆ ಅಂತ. ಜೇಬಿತ್ತಲ್ಲಪ್ಪ? ಮತ್ಯಾಕೆ ಬ್ಯಾಗಲ್ಲಿತ್ತು?"

ಅಜ್ಜ ಗಾಜಿನಿಂದ ಮುಖ ತಿರುಗಿಸಿದ. ಕಂಡಕ್ಟರ್, ಒಂದು ಟಿಕೆಟ್ ಕೊಡಿ. ಆ ದಿನದ ತನ್ನ ನಗು ಈಗ ಅವನ ಕಿವಿಗೆ ಬೇರೆ ಯಾರದೋ ನಗುವಿನಂತೆ ಕೇಳಿಸಿತು, ಮುಖಕ್ಕೆ ಹೊಡೆಯಬೇಕೆನಿಸುವಂಥ ನಗು.

ನರ್ಸಮ್ಮ ಬಂದು ಮಗುವಿನ ಬಟ್ಟೆ ಇದ್ದ ಪ್ಲಾಸ್ಟಿಕ್ ಕವರನ್ನು ಅವನ ತೊಡೆಯ ಮೇಲಿಟ್ಟು ಹೋದಳು. ಮಗಳು ಡಾಕ್ಟರನ್ನು ನೋಡಲು ಎದ್ದ ಮೇಲೆ ಅವನು ಬೆಂಚಿನ ಮೂಲೆಗೆ ಸರಿದು ಫ್ರಾಕನ್ನು ಹೊರತೆಗೆದ. ನೆರಿಗೆ ನೆಟ್ಟಗಿತ್ತು, ಒಂದೂ ಕದಲಿರಲಿಲ್ಲ. ಎಡಪಕ್ಕದ ಮುಚ್ಚಳ ತೆರೆದಿತ್ತು.

ಕಿತ್ತದ್ದಲ್ಲ, ಎಳೆದದ್ದಲ್ಲ. ಬಟ್ಟೆ ಎಲ್ಲೂ ಅತ್ತಿರಲಿಲ್ಲ. ನಾಲ್ಕು ಹೊಲಿಗೆಯನ್ನೂ ಒಂದೊಂದಾಗಿ ಎತ್ತಿ ಬಿಡಿಸಲಾಗಿತ್ತು. ಬಿಡಿಸಿದ ದಾರವನ್ನು ಎದೆಯ ಮೇಲಿನ ಹೆಸರಿನ ಬಿಲ್ಲೆಯ ಪಿನ್ನಿಗೆ ಅಚ್ಚುಕಟ್ಟಾಗಿ ಸುತ್ತಿ ಇಡಲಾಗಿತ್ತು. ಸಂಜೆಯವರೆಗೆ ಕಾಯಲು ಅವಳಿಗೆ ಆಗಿರಲಿಲ್ಲ, ಆ ಪಿನ್ನಿನಿಂದಲೇ ಬಿಡಿಸಿದ್ದಳು. ಮುಚ್ಚಳದ ಅಡಿಯಲ್ಲಿ, ಜೇಬಿನ ಬಾಯಿ ಇರಬೇಕಾಗಿದ್ದ ಜಾಗದಲ್ಲಿ, ಕತ್ತರಿಸದ ಬಟ್ಟೆಯ ಮೇಲೆ ಸಾಲುಸಾಲಾಗಿ ಪುಟ್ಟ ತೂತುಗಳಿದ್ದವು. ಒಂದು ಸಾಲು, ಅದರ ಕೆಳಗೆ ಇನ್ನೊಂದು ಸಾಲು, ಮತ್ತೂ ಕೆಳಗೆ ಇನ್ನೊಂದು. ಬಾಯಿ ಇಲ್ಲಿರಬಹುದು, ಇಲ್ಲದಿದ್ದರೆ ಇಲ್ಲಿ ಎಂದು ಮಗು ಪಿನ್ನು ಚುಚ್ಚಿ ಚುಚ್ಚಿ ಹುಡುಕಿತ್ತು. ಅಜ್ಜ ಸುಳ್ಳು ಹೊಲಿಯುತ್ತಾನೆ ಎಂಬುದು ಅವಳಿಗೆ ತೋಚಲೇ ಇಲ್ಲ. ತನಗೇ ಬಾಯಿ ಸಿಗುತ್ತಿಲ್ಲ ಎಂದುಕೊಂಡಿದ್ದಳು.

ಅಜ್ಜ ಆ ತೂತುಗಳ ಮೇಲೆ ಬೆರಳಾಡಿಸಿದ. ಇಪ್ಪತ್ತೇಳಿದ್ದವು. ಅವನಿಗೆ ಯಾಕೋ ಸತ್ತ ಹೆಂಡತಿ ನೆನಪಾದಳು. ಅವಳು ಬದುಕಿದಷ್ಟು ದಿನವೂ ಮನೆಯ ಬೀಗದ ಕೈಯನ್ನು ಮುಷ್ಟಿಯಲ್ಲೇ ಹಿಡಿದು ಓಡಾಡಿದಳು. ಅದು ಕಳೆದಾಗಲೆಲ್ಲ ಅವನು ಬೈದ, ನಿನಗೆ ಜವಾಬ್ದಾರಿಯಿಲ್ಲ ಎಂದ. ಅವಳ ಬಟ್ಟೆಯನ್ನೆಲ್ಲ ಹೊಲಿದವನು ಅವನೇ. ಒಂದಕ್ಕೂ ಜೇಬು ಇಟ್ಟಿರಲಿಲ್ಲ, ಇಡಬೇಕೆಂದು ಹೊಳೆದಿರಲೂ ಇಲ್ಲ. ಫ್ರಾಕನ್ನು ಮುಖಕ್ಕೆ ಒತ್ತಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಮುದುಕ ಬಿಕ್ಕಿ ಬಿಕ್ಕಿ ಅತ್ತ. ದಾಟಿ ಹೋಗುವವರು ಯಾರೋ ತೀರಿಕೊಂಡರೆಂದು ತಿಳಿದು ದನಿ ತಗ್ಗಿಸಿ ನಡೆದರು.

ಮೂರನೇ ದಿನ ಮಧ್ಯಾಹ್ನ ಮುಸುಕು ತೆಗೆದರು. ಮಗಳು ಮಗುವಿನ ಹಣೆ ಒರೆಸುತ್ತ, ಮೂರು ದಿನದಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಜೇಬಲ್ಲಿ ಯಾಕಿಟ್ಕೊಳ್ಳಲಿಲ್ಲ ಪುಟ್ಟಾ?"

ಸೂಜಿ ಮೊದಲು ಬಾಗಿಲ ಬಳಿ ನಿಂತಿದ್ದ ಅಜ್ಜನನ್ನು ನೋಡಿದಳು. ಆಮೇಲೆ ಛಾವಣಿ ನೋಡಿದಳು. "ಮರೆತೋಯ್ತಮ್ಮ" ಎಂದಳು. ದನಿ ಗೊಗ್ಗರಾಗಿತ್ತು. "ಜೇಬು ಚೆನ್ನಾಗೇ ಇತ್ತು. ನಾನೇ ಮರೆತೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನನ್ನು ಕಾಪಾಡಲು ಮಗು ಸುಳ್ಳು ಹೇಳಿದ್ದು, ಅದೂ ಅವನಂತೆಯೇ ತಡವರಿಸದೆ ಹೇಳಿದ್ದು, ಅಜ್ಜನ ಕರುಳಿಗೆ ಚುಚ್ಚಿತು. ಮಗಳನ್ನು ಹೊರಗೆ ಕರೆದು ಎಲ್ಲ ಹೇಳಿದ. ಚೀಟಿಯ ಗೀಟು ಅಳಿಸಿದ್ದು, ಮುಚ್ಚಳ ಹೊಲಿದದ್ದು, ಬೆಳಗಿನ ಸುಳ್ಳು, ಎಲ್ಲವನ್ನೂ. ಅವಳು ಕಿರುಚಲಿಲ್ಲ. ಕಿರುಚಲು ಬೇಕಾದ ಕಸುವೂ ಅವಳಲ್ಲಿ ಉಳಿದಿರಲಿಲ್ಲ.

"ಅವಳು ಕೇಳಿದ್ದು ಒಂದು ಪ್ಯಾಂಟು ಅಪ್ಪ" ಎಂದಳು. "ಆಕಾಶ ಕೇಳಿರಲಿಲ್ಲ."

ಅಷ್ಟೇ ಹೇಳಿ ಒಳಗೆ ಹೋದಳು. ಅವನು ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಹೊರಗೇ ನಿಂತ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಜನ್ಮವಿಡೀ ಬೇರೆಯವರಿಗೆ ಹೇಳಿದವನು ಅವನು. ಈ ಸಲ ಮಾಡಿದ್ದು ತಾನು, ಉಂಡದ್ದು ಆ ಮಗು.

ಸೂಜಿ ಮನೆಗೆ ಬರುವ ಹೊತ್ತಿಗೆ ಪ್ಯಾಂಟು ಸಿದ್ಧವಾಗಿತ್ತು. ಎರಡು ಪಕ್ಕ, ಒಂದು ಹಿಂದೆ, ಒಟ್ಟು ಮೂರು ಜೇಬು, ಒಂದೊಂದೂ ಐದೂವರೆ ಇಂಚು, ತಳಕ್ಕೆ ಎರಡೆರಡು ಸಾಲು ಹೊಲಿಗೆ. ಇಷ್ಟು ಎಚ್ಚರದಿಂದ ಅವನು ಯಾರ ಕೋಟನ್ನೂ ಹೊಲಿದಿರಲಿಲ್ಲ. ಅವಳು ಒಳಗೆ ಹೋಗಿ ತೊಟ್ಟುಕೊಂಡು ಬಂದು ಅಂಗಡಿಯ ಬೆಳಕಿನಲ್ಲಿ ನಿಂತಳು. ಅಜ್ಜ ಕತ್ತರಿ ಕೆಳಗಿಟ್ಟು ಕಾದ. ಅವಳು ಜೇಬಿನ ಬಾಯನ್ನು ಎರಡು ಬೆರಳಿಂದ ಅಗಲಿಸಿ ಮೊದಲು ಒಳಗೆ ಇಣುಕಿದಳು. ಆಮೇಲೆ ನಿಧಾನವಾಗಿ ಕೈ ಇಳಿಸಿ ಮೂಲೆಮೂಲೆ ಮುಟ್ಟಿದಳು. ಜೇಬನ್ನು ಹೊರಗೆಳೆದು, ಒಳಮಗ್ಗುಲು ಮಾಡಿ, ಹೊಲಿಗೆ ನೋಡಿ, ಮತ್ತೆ ಒಳಗೆ ತಳ್ಳಿದಳು. ಮೂರಕ್ಕೂ ಹಾಗೇ ಮಾಡಿದಳು. ಪಂಪನ್ನು ಬಲಗಡೆ ಜೇಬಿಗೆ ಇಳಿಸಿ, "ಸರಿ ಇದೆ" ಎಂದಳು, ಗಿರಾಕಿಗಳು ಹೇಳುವ ಹಾಗೆ.

ತಳ ಸಿಕ್ಕಿತೇ ಎಂದು ಅಜ್ಜನೇ ಕೇಳಬೇಕೆಂದಿದ್ದ. ಕೇಳಲಾಗಲಿಲ್ಲ.

ಮೀಸೆಯ ಮಾತಾಡಿದ್ದ ಗಿರಾಕಿಯ ಕೋಟು ವಾರದಿಂದ ಗೋಡೆಗೆ ತೂಗುತ್ತಿತ್ತು, ಜೇಬಿನ ಬಾಯಿಗೆ ಕಚ್ಚಾ ಹೊಲಿಗೆ ಹಾಗೇ ಇತ್ತು. ಅಜ್ಜ ಅದನ್ನು ಇಳಿಸಿ ಅವಳ ಮುಂದೆ ಮೇಜಿನ ಮೇಲೆ ಹರಡಿದ.

"ಇವತ್ತು ಕೊಡಬೇಕು ಸೂಜಿ. ನೀನೇ ಬರಲಿ ಅಂತ ಬಿಟ್ಟಿದ್ದೆ. ಬಿಡಿಸ್ತೀಯಾ?"

ಅವಳು ಹತ್ತಿರ ಬಂದಳು. ಕೈಗೆ ಸೂಜಿ ತೆಗೆದುಕೊಂಡಳು, ಮೊದಲ ಹೊಲಿಗೆಯ ಮೇಲೆ ಇಟ್ಟಳು. ಇಟ್ಟವಳು ತಡೆದು ತಲೆಯೆತ್ತಿದಳು.

"ಇದಕ್ಕೆ ಒಳಗೆ ಜೇಬಿದೆಯಾ ಅಜ್ಜ?"

ಅದರಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳಿಗೆ ಗೊತ್ತಾಗಬೇಕಿತ್ತು, ಅಷ್ಟೇ.

"ಇದೆ ಕಣೇ" ಎಂದ ಅಜ್ಜ.

ಅವಳು ತಲೆಯಾಡಿಸಿದಳು. ಕೋಟಿನ ಅಂಚನ್ನು ಎತ್ತಿ, ಒಳಗಿನಿಂದ ಕೈ ಹಾಕಿ, ಅಲ್ಲಿ ಜೇಬಿನ ಚೀಲ ಇರುವುದನ್ನು ಬೆರಳಿಂದ ಒತ್ತಿ ನೋಡಿಕೊಂಡಳು. ಆಮೇಲೆ ಸ್ಟೂಲಿನ ಮೇಲೆ ಕೂತು ಒಂದೊಂದೇ ಹೊಲಿಗೆ ಬಿಡಿಸತೊಡಗಿದಳು.